ನೋವು ತಿಳಿಯದ ಪಾದ: ಹಳೆಯ ಮಧುಮೇಹಿಗಳ ವ್ರತಾಚರಣೆಯ ವಿಚಾರ

ಇಪ್ಪತ್ತೆರಡು ಪರೀಷಹಗಳಲ್ಲಿ ತೃಣಸ್ಪರ್ಶವೂ ಒಂದು. ಬರಿಗಾಲಿನಲ್ಲಿ ವಿಹರಿಸುವ ಮುನಿಗೆ ಒಣಹುಲ್ಲಿನ ಮೊನೆ, ಮುಳ್ಳು, ಹರಳುಗಲ್ಲು ಚುಚ್ಚುತ್ತವೆ. ಆ ವೇದನೆಯನ್ನು ಸಂಕ್ಲೇಶವಿಲ್ಲದೆ ಸಹಿಸುವುದೇ ಆ ಪರೀಷಹದ ಜಯ. ಇದರಲ್ಲಿ ಎರಡು ಅಂಶಗಳು ಅಡಗಿವೆ. ವೇದನೆ ಇದೆ ಎಂಬುದು ಒಂದು. ಮನಸ್ಸು ಅದಕ್ಕೆ ಸೋಲುವುದಿಲ್ಲ ಎಂಬುದು ಮತ್ತೊಂದು. ಮೊದಲನೆಯದು ಇಲ್ಲದಿದ್ದಲ್ಲಿ ಎರಡನೆಯದಕ್ಕೆ ಎಡೆಯೇ ಇಲ್ಲ. ಮುಳ್ಳು ಚುಚ್ಚಿದುದೇ ತಿಳಿಯದವನು ಏನನ್ನು ಸಹಿಸಿದಂತಾಯಿತು?

ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯದಲ್ಲ. ಹದಿನೈದು ಇಪ್ಪತ್ತು ವರ್ಷಗಳಿಂದ ಮಧುಮೇಹವಿರುವ ಹಿರಿಯರು ಇಂದು ಅನೇಕ ಶ್ರಾವಕರ ಮನೆಗಳಲ್ಲಿದ್ದಾರೆ. ಅಂಥವರು ಅಂಗಳದ ಮುಳ್ಳನ್ನು ಮೆಟ್ಟಿ, ಅದು ಪಾದದಲ್ಲಿಯೇ ಉಳಿದಿದ್ದರೂ ಸುಮ್ಮನೆ ಓಡಾಡಿಕೊಂಡಿರುತ್ತಾರೆ. ನಡುಹಗಲಿನ ಬಿಸಿಲಿಗೆ ಕಾದ ಬಸದಿಯ ಪ್ರಾಕಾರದ ಕಲ್ಲುಹಾಸಿನ ಮೇಲೆ ನಿಧಾನವಾಗಿ ಮೂರು ಪ್ರದಕ್ಷಿಣೆ ಮುಗಿಸುತ್ತಾರೆ. ಉಪವಾಸದ ದಿನ ತಮಗೆ ಹಸಿವಿನ ಬಾಧೆಯೇ ಇಲ್ಲವೆನ್ನುತ್ತಾರೆ. ಅವರಿಗೆ ದೇಹದ ಮೇಲಣ ಮೋಹ ಕಳೆದಿದೆಯೆಂದು ಮನೆಯವರು ಭಕ್ತಿಯಿಂದ ಹೇಳಿಕೊಳ್ಳುವುದೂ ಉಂಟು. ವಾಸ್ತವದಲ್ಲಿ ಕಳೆದುಹೋಗಿರುವುದು ನರಗಳ ಅರಿವು. ರೋಗವು ಮಾಡಿದ್ದನ್ನು ತಪಸ್ಸಿನ ಫಲವೆಂದು ತಿಳಿಯುವುದು ಮಿಥ್ಯಾಜ್ಞಾನ. ಅದರ ಪರಿಣಾಮ ಪಾದದ ಹುಣ್ಣು, ಕೆಲವೊಮ್ಮೆ ಕಾಲಿನ ನಷ್ಟ.

ಮಧುಮೇಹವನ್ನು ಈ ಕಡೆಯವರು ಸಕ್ಕರೆ ಕಾಯಿಲೆ ಎನ್ನುತ್ತಾರೆ. ಹಿಂದಿನ ಪತ್ರಿಕೆಗಳಲ್ಲಿ ಸಿಹಿಮೂತ್ರ ರೋಗವೆಂಬ ಹೆಸರೂ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ರೋಗವಿದೆ. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಏರಿಯೇ ಇದ್ದರೆ ಅತಿ ಸೂಕ್ಷ್ಮವಾದ ರಕ್ತನಾಳಗಳು ಮೊದಲು ಕೆಡುತ್ತವೆ. ಕಣ್ಣಿನ ಹಿಂಭಾಗದ ಅಕ್ಷಿಪಟಲ, ಮೂತ್ರಪಿಂಡ, ಉದ್ದವಾದ ನರಗಳ ತುದಿ ಇವು ಅಂಥ ನಾಳಗಳನ್ನೇ ನಂಬಿ ಬದುಕುವ ಅಂಗಗಳು. ಆದುದರಿಂದ ಒಂದರಲ್ಲಿ ಹಾನಿ ಕಂಡಾಗ ಉಳಿದ ಎರಡನ್ನೂ ಪರೀಕ್ಷಿಸುವುದು ವೈದ್ಯರ ಪದ್ಧತಿ. ಹಾನಿಯನ್ನು ತಡೆಯುವುದು ಸಾಧ್ಯವೆಂಬುದಕ್ಕೆ ಪ್ರಮಾಣವೂ ಇದೆ. ಬ್ರಿಟನ್ನಿನಲ್ಲಿ ದೀರ್ಘಕಾಲ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಸೂಕ್ಷ್ಮನಾಳಗಳ ಹಾನಿ ಸುಮಾರು ಕಾಲುಭಾಗದಷ್ಟು ಕಡಿಮೆಯಾದುದು ಕಂಡುಬಂದಿತು.

ನರದ ಹಾನಿ ಪಾದದ ಬೆರಳುಗಳಿಂದ ಮೊದಲ್ಗೊಂಡು ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಕೆಲವರಿಗೆ ರಾತ್ರಿಯಲ್ಲಿ ಅಂಗಾಲಿನ ಉರಿ, ಇರುವೆ ಹರಿದಂಥ ಜೋಮು, ಸೂಜಿ ಚುಚ್ಚಿದಂಥ ನೋವು. ಅಂಥವರು ಬೇಗ ವೈದ್ಯರಲ್ಲಿಗೆ ಹೋಗುತ್ತಾರೆ. ಯಾವ ಬಾಧೆಯೂ ಇಲ್ಲದೆ ಮೆಲ್ಲಮೆಲ್ಲನೆ ಮರಗಟ್ಟುವ ಕಾಲೇ ಹೆಚ್ಚು ಅಪಾಯದ್ದು. ವೈದ್ಯರು ಸಣ್ಣದೊಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ, ಸ್ಪರ್ಶ ತಿಳಿಯುವುದೇ ಎಂದು ಕೇಳುತ್ತಾರೆ. ಕಂಪಿಸುವ ಶ್ರುತಿಕವಲನ್ನು ಹೆಬ್ಬೆರಳಿಗೆ ತಾಗಿಸಿ ನೋಡುತ್ತಾರೆ. ಎರಡು ನಿಮಿಷದ ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಕೇಳಿ ಮಾಡಿಸಿಕೊಳ್ಳಬೇಕು.

ಶಾಕಾಹಾರಿ ಮನೆಗಳು ವಿಶೇಷವಾಗಿ ಅರಿಯಬೇಕಾದ ಸಂಗತಿಯೊಂದಿದೆ. ನರಗಳ ಪೋಷಣೆಗೆ ಬೇಕಾದ ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಬಹುಮಟ್ಟಿಗೆ ದೊರೆಯುವುದಿಲ್ಲ. ಹಾಲು ಮೊಸರುಗಳಿಂದ ಅಷ್ಟಿಷ್ಟು ದೊರೆಯುತ್ತದೆ. ಮಧುಮೇಹಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಅನೇಕ ವರ್ಷಗಳ ಬಳಕೆಯಿಂದ ಬಿ12ರ ಹೀರಿಕೆಯನ್ನು ಕುಗ್ಗಿಸಬಲ್ಲದು. ರಸಪರಿತ್ಯಾಗದ ನಿಯಮದಿಂದ ಹಾಲು ಮೊಸರನ್ನೂ ಬಿಟ್ಟವರಲ್ಲಿ ಕೊರತೆ ಇನ್ನೂ ಹೆಚ್ಚಾಗುವ ಸಂಭವವಿದೆ. ಕಾಲಿನ ಜೋಮೆಲ್ಲವೂ ಸಕ್ಕರೆಯಿಂದಲೇ ಬಂದುದೆಂದು ಕೈಚೆಲ್ಲಿ ಕುಳಿತವರಲ್ಲಿ ಕೆಲವರಿಗೆ ಈ ಕೊರತೆಯೇ ಒಂದು ಕಾರಣವಾಗಿರಬಹುದು. ಅದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು, ಮಾತ್ರೆ ಅಥವಾ ಚುಚ್ಚುಮದ್ದಿನಿಂದ ತುಂಬಿಕೊಳ್ಳಬಹುದು. ಔಷಧಕ್ಕೆ ಬಳಸುವ ಬಿ12 ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಆದರೆ ಕೆಲವು ಔಷಧಗಳ ಮೃದುಕೋಶ ಪ್ರಾಣಿಜನ್ಯ ಜಿಲೆಟಿನ್ನಿನದಾಗಿರುವುದರಿಂದ ಮಾತ್ರೆಯ ರೂಪದ್ದನ್ನೇ ಕೇಳಿ ಪಡೆಯಬಹುದು. ಇನ್ಸುಲಿನ್ನಿನ ಬಗ್ಗೆಯೂ ಹಳೆಯ ಶಂಕೆಯೊಂದು ಉಳಿದುಬಂದಿದೆ. 1922ರಲ್ಲಿ ಮೊದಲಬಾರಿಗೆ ರೋಗಿಗೆ ಕೊಟ್ಟಂದಿನಿಂದ ಅನೇಕ ದಶಕಗಳ ಕಾಲ ಅದನ್ನು ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಅಂದಿನ ಶ್ರಾವಕರ ಹಿಂಜರಿಕೆಗೆ ಕಾರಣವಿತ್ತು. 1982ರಿಂದ ಮಾನವ ಇನ್ಸುಲಿನ್ನನ್ನು ಸೂಕ್ಷ್ಮಾಣುಗಳ ಮೂಲಕ ತಯಾರಿಸುವ ಕ್ರಮ ಬಳಕೆಗೆ ಬಂದಿತು. ಇಂದು ಸಾಮಾನ್ಯವಾಗಿ ದೊರೆಯುವುದು ಇಂಥದೇ.

ಶಿಕಾರಿಪುರ, ಸೊರಬ ಸೀಮೆಯಲ್ಲಿ ಮರಗಟ್ಟಿದ ಪಾದಕ್ಕೆ ಮಳೆಗಾಲವೇ ಕಠಿಣ ಕಾಲ. ಭತ್ತದ ಗದ್ದೆಯ ಕೆಸರು, ಅಡಕೆತೋಟದ ತೇವ, ತೊಳೆದಷ್ಟೂ ಒಣಗದ ಅಂಗಳ. ಬೆರಳುಸಂದುಗಳಲ್ಲಿ ಚರ್ಮ ಬಿಳಿಚಿ ಬಿರಿದು ಕೊಳೆಯುತ್ತದೆ. ದಶಲಕ್ಷಣ ಪರ್ವ, ಷೋಡಶಭಾವನೆ, ಅನಂತ ನೋಂಪಿಗಳು ಬರುವುದೂ ಭಾದ್ರಪದದ ಇದೇ ಮಳೆಯಲ್ಲಿ. ಬಸದಿಗೆ ಬರಿಗಾಲಿನಲ್ಲಿ ಹೋಗುವ ಸಂಪ್ರದಾಯವನ್ನು ಬಿಡಬೇಕೆಂದಿಲ್ಲ. ಬಾಗಿಲಿನವರೆಗೆ ಮೃದುವಾದ ಅಗಲ ಪಾದರಕ್ಷೆ ಧರಿಸಿ, ಒಳಗೆ ಕಲ್ಲು ಕಾಯುವ ಮೊದಲೇ ಪ್ರಾತಃಕಾಲದಲ್ಲಿ ದರ್ಶನ ಮುಗಿಸಬಹುದು. ಮನೆಗೆ ಬಂದೊಡನೆ ಕಾಲನ್ನು ಸಾಧಾರಣ ನೀರಿನಿಂದ ತೊಳೆದು, ಬೆರಳುಸಂದುಗಳನ್ನು ಒಣಬಟ್ಟೆಯಿಂದ ಒರಸಬೇಕು. ಬಿಸಿನೀರಿನ ಕಾವು, ಕೆಂಡದ ಶಾಖ ಬೇಡ. ನೀರಿನ ಬಿಸಿಯನ್ನು ಅರಿವಿಲ್ಲದ ಪಾದ ಅಳೆಯಲಾರದು, ಮೊಣಕೈ ಅಳೆಯಬಲ್ಲದು. ಕಾಲಿನ ಗಂಟನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವ ಅಭ್ಯಾಸವಂತೂ ಎಷ್ಟೋ ಹುಣ್ಣುಗಳಿಗೆ ಮೂಲ. ಅಂಗಾಲನ್ನು ಪ್ರತಿದಿನ ಬೆಳಕಿನಲ್ಲಿ ನೋಡಬೇಕು. ದೃಷ್ಟಿ ಕುಂದಿದ ವೃದ್ಧರಿಗೆ ಇದು ಸ್ವತಃ ಸಾಧ್ಯವಾಗುವುದಿಲ್ಲ. ಮಗನೋ ಸೊಸೆಯೋ ಮೊಮ್ಮಗಳೋ ನೋಡಬೇಕು. ಹಿರಿಯರ ಕಾಲನ್ನು ಹೀಗೆ ಹಿಡಿದು ನೋಡುವುದಕ್ಕೆ ಶಾಸ್ತ್ರದಲ್ಲಿ ಹೆಸರೇ ಇದೆ. ಆರು ಅಂತರಂಗ ತಪಗಳಲ್ಲಿ ವೈಯಾವೃತ್ಯ ಒಂದು. ಉಪವಾಸ ಮಾಡಿದವರ ಹೆಸರು ಊರಿಗೆಲ್ಲ ತಿಳಿಯುತ್ತದೆ, ಕಾಲು ನೋಡಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೂ ಶಾಸ್ತ್ರವು ಎರಡನ್ನೂ ತಪವೆಂದೇ ಎಣಿಸಿದೆ.

ಇನ್ನು ಕಣ್ಣು. ಅಕ್ಷಿಪಟಲದ ಸೂಕ್ಷ್ಮನಾಳಗಳು ಮೊದಲು ಜಿನುಗುತ್ತವೆ, ಬಳಿಕ ಅಲ್ಲಲ್ಲಿ ಮುಚ್ಚುತ್ತವೆ; ಕೊರತೆಯನ್ನು ತುಂಬಲೆಂಬಂತೆ ಹೊಸ ನಾಳಗಳು ಹುಟ್ಟುತ್ತವೆಯಾದರೂ ಅವು ಎಳೆಯವೂ ದುರ್ಬಲವೂ ಆಗಿ ಒಡೆದು ಕಣ್ಣಿನೊಳಗೆ ರಕ್ತ ತುಂಬಿಸುತ್ತವೆ. ಇದೆಲ್ಲ ಬಹುಕಾಲ ನೋವಿಲ್ಲದೆ, ಓದಿಗೂ ಅಡ್ಡಿಯಾಗದೆ ನಡೆಯುತ್ತದೆ. ಅಕ್ಷರ ಸ್ಪಷ್ಟವಾಗಿ ಕಾಣುತ್ತಿದೆ ಎಂಬುದು ಕಣ್ಣು ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿಯಾಗದು. ಆದುದರಿಂದ, ನಡುವಯಸ್ಸಿನ ಮೇಲೆ ಬರುವ ಮಧುಮೇಹದಲ್ಲಿ, ರೋಗ ಪತ್ತೆಯಾದ ವರ್ಷದಿಂದಲೇ ಪ್ರತಿವರ್ಷ ಕಣ್ಣುಪಾಪೆಯನ್ನು ಔಷಧದಿಂದ ಅರಳಿಸಿ ಪರೀಕ್ಷೆ ಮಾಡಿಸಬೇಕು. ಹಳ್ಳಿಗಳಲ್ಲಿ ದೃಷ್ಟಿ ಮಂಜಾದೊಡನೆ ಪೊರೆ ಬಂದಿದೆ, ಬಲಿಯಲಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದರಾಯಿತು ಎಂದು ಕಾಯುವುದು ರೂಢಿ. ಮಧುಮೇಹಿಗಳಿಗೆ ಪೊರೆ ಬೇಗ ಬರುವುದು ನಿಜ. ಆದರೆ ಆ ಪೊರೆಯ ಹಿಂದೆ ಅಕ್ಷಿಪಟಲ ಕೆಡುತ್ತಿದ್ದರೆ ಕಾದ ಪ್ರತಿ ತಿಂಗಳೂ ನಷ್ಟವೇ. ಲೇಸರ್ ಚಿಕಿತ್ಸೆ, ಕಣ್ಣಿನೊಳಕ್ಕೆ ಕೊಡುವ ಚುಚ್ಚುಮದ್ದು ಇವು ಉಳಿದ ದೃಷ್ಟಿಯನ್ನು ಕಾಪಾಡುವುದರಲ್ಲಿ ಸಮರ್ಥವಾಗಿವೆ. ಕಳೆದುದನ್ನೆಲ್ಲ ಮರಳಿ ಕೊಡುವುದು ಅವುಗಳಿಂದ ಆಗದು. ಕಣ್ಣಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ತೆರೆ ಎಳೆದಂತಾದರೆ, ಪರ್ವ ಮುಗಿಯಲೆಂದು ಕಾಯದೆ ಅಂದೇ ಹೊರಡಬೇಕು. ಸಕ್ಕರೆ ಮತ್ತು ರಕ್ತದೊತ್ತಡಗಳ ಪರೀಕ್ಷೆಗೆ ಶಿಕಾರಿಪುರ, ಸೊರಬಗಳ ತಾಲ್ಲೂಕು ಆಸ್ಪತ್ರೆಗಳೇ ಸಾಕು. ಅಕ್ಷಿಪಟಲದ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಶಂಕರ ಕಣ್ಣಿನ ಆಸ್ಪತ್ರೆಗಳನ್ನು, ಬೆಂಗಳೂರಿನಲ್ಲಾದರೆ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯನ್ನು ವಿಚಾರಿಸಬಹುದು. ಪಾಪೆ ಅರಳಿಸಿದ ಮೇಲೆ ಕೆಲವು ಗಂಟೆಗಳ ಕಾಲ ಕಣ್ಣು ಮಂಜಾಗಿರುವುದರಿಂದ ಜೊತೆಗೊಬ್ಬರು ಇರಲೇಬೇಕು.

ಕಣ್ಣಿನ ರಕ್ಷಣೆ ದೇಹಮೋಹದ ಮಾತೆಂದು ಅಲಕ್ಷಿಸುವವರು ಅಹಿಂಸಾವ್ರತದ ಐದು ಭಾವನೆಗಳನ್ನು ನೆನೆಯಬೇಕು. ಅವುಗಳಲ್ಲಿ ಈರ್ಯಾಸಮಿತಿ ಎಂದರೆ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವುದು. ಆದಾನನಿಕ್ಷೇಪಣ ಸಮಿತಿ ಎಂದರೆ ನೋಡಿ ಎತ್ತುವುದು, ನೋಡಿ ಇಡುವುದು. ಆಲೋಕಿತಪಾನಭೋಜನ ಎಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದು, ಕುಡಿಯುವುದು. ಐದರಲ್ಲಿ ಮೂರು ಕಣ್ಣನ್ನೇ ಅವಲಂಬಿಸಿವೆ. ದೃಷ್ಟಿ ಕುಂದಿದವರ ಪಾಲಿನ ಅಕ್ಕಿಬೇಳೆಯನ್ನು ಆರಿಸುವುದು, ನೀರು ಸೋಸುವುದು, ತಟ್ಟೆಯನ್ನು ನೋಡಿ ಕೊಡುವುದು ಮನೆಯ ಇತರರ ಹೊಣೆ.

ಉಪವಾಸದ ಪ್ರಶ್ನೆಯೇ ಎಲ್ಲಕ್ಕಿಂತ ತೊಡಕಿನದು. ಆರೋಗ್ಯವಂತನಲ್ಲಿ ಸಕ್ಕರೆ ಇಳಿದರೆ ಶರೀರ ಕೂಗಿ ಹೇಳುತ್ತದೆ: ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಸಿವು ಕೆರಳುತ್ತದೆ. ರೋಗ ಹಳೆಯದಾಗಿ, ಸಕ್ಕರೆ ಮತ್ತೆ ಮತ್ತೆ ಇಳಿಯುತ್ತಿದ್ದು, ಒಳಾಂಗಗಳನ್ನು ನಡೆಸುವ ನರಗಳೂ ಕೆಟ್ಟವರಲ್ಲಿ ಈ ಎಚ್ಚರಿಕೆ ಬರುವುದೇ ಇಲ್ಲ. ಅವರು ನೇರವಾಗಿ ಮಂಕಾಗುತ್ತಾರೆ, ಮಾತು ತೊದಲುತ್ತದೆ, ಪ್ರಜ್ಞೆ ತಪ್ಪುತ್ತದೆ. ಉಪವಾಸ ತನಗೆ ಹಗುರವೆಂದು ಹೇಳುವ ಹಳೆಯ ಮಧುಮೇಹಿಯ ಮಾತನ್ನು ಪೂರ್ತಿ ನಂಬಬಾರದೆಂಬುದು ಈ ಕಾರಣದಿಂದ. ಅವನು ಸುಳ್ಳಾಡುತ್ತಿಲ್ಲ, ಅವನಿಗೆ ಹೇಳಬೇಕಾದ ನರ ಮೂಕವಾಗಿದೆ.

ದಿಗಂಬರ ಸಂಪ್ರದಾಯದ ಉಪವಾಸದಲ್ಲಿ ನೀರೂ ಸೇರಿದಂತೆ ಚತುರ್ವಿಧಾಹಾರದ ತ್ಯಾಗವಿದೆ. ಹಿಂದಿನ ಸಂಜೆಯಿಂದ ಮರುದಿನ ಕಳೆದು ಅದರ ಮಾರನೆಯ ಬೆಳಗಿನವರೆಗೆ ಸುಮಾರು 36 ಗಂಟೆ. ಹಿಂದುಮುಂದಿನ ಏಕಭುಕ್ತಿ ಸೇರಿದ ಪ್ರೋಷಧೋಪವಾಸವಾದರೆ ಇನ್ನೂ ದೀರ್ಘ. ಹಗಲು ಮಾತ್ರ ನಡೆಯುವ ರಂಜಾನ್ ಉಪವಾಸದ ವಿಷಯದಲ್ಲಿಯೇ ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಿದ್ಧವಾಗಿದ್ದು, ಸಕ್ಕರೆ ಇಳಿದುದು ಅರಿವಿಗೆ ಬಾರದವರಿಗೆ, ಮೂತ್ರಪಿಂಡ ಕೆಟ್ಟವರಿಗೆ ಅದು ಉಪವಾಸವನ್ನು ಬೇಡವೆನ್ನುತ್ತದೆ. ಅದಕ್ಕಿಂತ ದೀರ್ಘವಾದ ನಿರ್ಜಲ ಉಪವಾಸದಲ್ಲಿ ಎಚ್ಚರ ಎಷ್ಟಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಔಷಧಗಳ ಸ್ವಭಾವವೂ ಬೇರೆ ಬೇರೆ. ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಇವು ಆಹಾರವಿಲ್ಲದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತವೆ. ನಿರಾಹಾರದಲ್ಲಿ ಇವನ್ನು ಮುಂದುವರಿಸಿದರೆ ರಕ್ತ ಆಮ್ಲೀಯವಾಗುವ ಗಂಡಾಂತರವಿದೆ. ಹಾಗೆಂದು ತಾನೇ ಔಷಧ ನಿಲ್ಲಿಸುವುದೂ ಅಷ್ಟೇ ಅಪಾಯ. ನೋಂಪಿ ಹಿಡಿಯುವ ಹಲವು ವಾರ ಮೊದಲೇ ವೈದ್ಯರಿಗೆ ದಿನ, ಹೊತ್ತು, ನೀರಿನ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿ, ಅವರ ಅಭಿಪ್ರಾಯವನ್ನು ಪಡೆದು, ಅನಂತರ ಗುರುಗಳ ಬಳಿ ವ್ರತ ಬೇಡುವುದು ಕ್ರಮ. ಈ ಎರಡರ ಅನುಕ್ರಮ ತಪ್ಪಿದರೆ ವೈದ್ಯರ ಮಾತು ವ್ರತಭಂಗದ ಮಾತಿನಂತೆ ಕೇಳಿಸುತ್ತದೆ.

ಪ್ರತಿದಿನದ ರಾತ್ರಿಭೋಜನ ತ್ಯಾಗದಲ್ಲಿಯೂ ಗಮನಿಸಬೇಕಾದುದುಂಟು. ಪುಷ್ಯಮಾಸದಲ್ಲಿ ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲು ಉಂಡು, ಉದಯವಾಗಿ ಎರಡು ಘಳಿಗೆಯ ಮೇಲೆ ಬಾಯಿ ತೆರೆಯುವವರಿಗೆ ನಡುವೆ ಸುಮಾರು 14 ಗಂಟೆಗಳ ಅಂತರವಾಗುತ್ತದೆ. ರಾತ್ರಿ ಎಂಟರ ಊಟಕ್ಕೆಂದು ಬರೆದ ಮಾತ್ರೆ ಅಥವಾ ಇನ್ಸುಲಿನ್ ಇವರಿಗೆ ಹೊಂದದು. ಇದನ್ನು ವೈದ್ಯರಿಗೆ ಹೇಳಿದರೆ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿ ಕೊಡುತ್ತಾರೆ. ಹೇಳದೆ ಇದ್ದಲ್ಲಿ ಅವರಿಗೆ ತಿಳಿಯುವ ಬಗೆಯಿಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತ ಪರೀಕ್ಷಿಸುವುದು ನಾಲ್ಕು ಬಗೆಯ ಆಹಾರಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. 70ಕ್ಕಿಂತ ಕಡಿಮೆ ಬಂದರೆ, ಅಥವಾ ವೃದ್ಧರು ಅಪರಾತ್ರಿಯಲ್ಲಿ ಅಸಂಬದ್ಧ ಮಾತನಾಡಿದರೆ, ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಕಾಲುಗಂಟೆಯ ಮೇಲೆ ಮತ್ತೆ ನೋಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪಾಕ್ಷಿಕ ಶ್ರಾವಕನಿಗೆ ರಾತ್ರಿಯಲ್ಲಿ ನೀರು, ಔಷಧಗಳ ಅವಕಾಶವನ್ನು ಇಟ್ಟುಕೊಂಡೇ ನಡೆದುಬಂದ ಆಚಾರವೂ ಇದೆ. ಮೇಲಿನ ಪ್ರತಿಮೆಗಳನ್ನು ಧರಿಸಿದವರು ಇಂಥ ಸಂದರ್ಭದ ಬಗ್ಗೆ ಗುರುಗಳಲ್ಲಿ ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು. ಅಪರಾತ್ರಿಯಲ್ಲಿ ಕೇಳಲು ಯಾರೂ ದೊರೆಯುವುದಿಲ್ಲ.

ಹಾಗಾದರೆ ಮಧುಮೇಹಿಗೆ ತಪವೇ ಇಲ್ಲವೆ? ಹದಿನಾರು ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ 'ಶಕ್ತಿತಃ' ಎಂಬ ಮಾತು ಜೊತೆಗೂಡಿದೆ. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ಎಂಬ ಎರಡೂ ಅರ್ಥಗಳು ಅದರಲ್ಲಿವೆ. ಬಾಹ್ಯ ತಪಗಳು ಆರರಲ್ಲಿ ಅನಶನ ಮೊದಲನೆಯದು ಮಾತ್ರ. ಎರಡನೆಯದಾದ ಅವಮೌದರ್ಯ, ಎಂದರೆ ಹೊಟ್ಟೆ ತುಂಬುವ ಮೊದಲೇ ಏಳುವುದು, ವೈದ್ಯರೂ ಮೆಚ್ಚುವ ನಿಯಮ. ರಸಪರಿತ್ಯಾಗದಲ್ಲಿ ಬೆಲ್ಲ ಸಕ್ಕರೆಯ ಮಧುರರಸವನ್ನು ಆಯ್ದುಕೊಂಡವನಿಗೆ ವ್ರತವೂ ಪಥ್ಯವೂ ಒಂದೇ ಆಗುತ್ತದೆ; ಇಳಿದ ಸಕ್ಕರೆಯನ್ನು ಏರಿಸಲು ಔಷಧವಾಗಿ ಕುಡಿಯುವ ಸಕ್ಕರೆನೀರನ್ನು ಮಾತ್ರ ನಿಯಮ ಹಿಡಿಯುವಾಗಲೇ ಹೊರತುಮಾಡಿಕೊಂಡಿರಬೇಕು. ಈ ತ್ಯಾಗ ಅಷ್ಟು ಸುಲಭವಲ್ಲ. ಮೂವತ್ತು ವರ್ಷ ಅನಂತ ನೋಂಪಿ ಮಾಡಿದವರೂ ಪಾರಣೆಯ ದಿನದ ಪಾಯಸವನ್ನು ಬಿಡಲಾರದೆ, ಒಂದು ದಿನದ ಉಪವಾಸದ ಮರುದಿನ ಸಕ್ಕರೆಯನ್ನು ಮುನ್ನೂರಕ್ಕೆ ಏರಿಸಿಕೊಳ್ಳುವುದುಂಟು. ಇನ್ನು ಕಾಲದ ಮಿತಿ. ಸ್ವಲ್ಪ ಕಾಲಕ್ಕೆಂದು ಹಿಡಿಯುವುದು ನಿಯಮ, ಬದುಕಿರುವವರೆಗೆ ಹಿಡಿಯುವುದು ಯಮ. ದಿನದಿನಕ್ಕೆ ಶಕ್ತಿ ಬದಲಾಗುವ ರೋಗಿಗೆ ನಿಯಮವೇ ಯೋಗ್ಯ.

ಸಮಂತಭದ್ರಾಚಾರ್ಯರ ವೃತ್ತಾಂತ ಇಲ್ಲಿ ಸ್ಮರಣೀಯ. ಅವರಿಗೆ ಎಷ್ಟುಂಡರೂ ತೀರದ ಹಸಿವಿನ ಭಸ್ಮಕ ವ್ಯಾಧಿ ಬಂದಿತೆಂದೂ, ಅವರು ಸಲ್ಲೇಖನಕ್ಕೆ ಅನುಜ್ಞೆ ಬೇಡಿದಾಗ ಗುರುಗಳು ಕೊಡದೆ, ಮುನಿವೇಷವನ್ನು ಬಿಟ್ಟಾದರೂ ವ್ಯಾಧಿಯನ್ನು ಶಮನಮಾಡಿಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಹೇಳಿದರೆಂದೂ ದೇವಚಂದ್ರನ 'ರಾಜಾವಳಿ ಕಥೆ' ತಿಳಿಸುತ್ತದೆ. ರೋಗದ ನಿಮಿತ್ತ ಸಲ್ಲೇಖನ ಕೈಗೊಳ್ಳಬೇಕಾದರೆ ಆ ರೋಗವು ಪ್ರತೀಕಾರವಿಲ್ಲದುದಾಗಿರಬೇಕು ಎಂದು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ವಿಧಿಸಿದವರೂ ಅವರೇ. ಈ ಸೀಮೆಯ ಜನರಿಗೆ ಆ ವಿಧಿಯ ತೂಕ ತಿಳಿದಿರಬೇಕು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಹತ್ತನೆಯ ಶತಮಾನದ ಆರಂಭದ ಜಕ್ಕಿಯಬ್ಬೆಯ ಅಂತ್ಯವನ್ನು ಹೇಳುತ್ತದೆ. ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ನಡೆಸಿದ ಆಕೆ, ವ್ಯಾಧಿ ಬಲಿತಾಗ ಮಗಳನ್ನು ಕರೆಸಿ ಹೊಣೆಯನ್ನು ಒಪ್ಪಿಸಿ ಬಸದಿಯಲ್ಲಿ ವ್ರತಸ್ಥೆಯಾದಳು. ಸೊರಬ ತಾಲ್ಲೂಕಿನ ಉದ್ರಿ, ಹಿರೇ ಆವಲಿಗಳ ನಿಷಿಧಿಗಲ್ಲುಗಳೂ ಅಂಥ ಅನೇಕರನ್ನು ಸ್ಮರಿಸುತ್ತವೆ. ಅವರ ಕಾಲದಲ್ಲಿ ಇನ್ಸುಲಿನ್ ಇರಲಿಲ್ಲ, ಅಕ್ಷಿಪಟಲಕ್ಕೆ ಲೇಸರ್ ಇರಲಿಲ್ಲ. ಪ್ರತೀಕಾರವಿರುವ ರೋಗದಲ್ಲಿ, ಬೇಸರದಿಂದಲೋ ಮಕ್ಕಳಿಗೆ ಭಾರವಾದೆನೆಂಬ ಕೊರಗಿನಿಂದಲೋ ಔಷಧ ನಿಲ್ಲಿಸಿ ಅದಕ್ಕೆ ವ್ರತದ ಹೆಸರಿಡುವವರು ಆ ಕಲ್ಲುಗಳ ಸಾಲಿಗೆ ಸೇರುವುದಿಲ್ಲ. ಅಂಥ ಮಾತು ಹಿರಿಯರ ಬಾಯಿಂದ ಬಂದಾಗ ಮನೆಯವರು ಮೊದಲು ವಿಚಾರಿಸಬೇಕಾದುದು ಅವರ ರಾತ್ರಿಯ ನಿದ್ರೆಯನ್ನು, ಕಾಲಿನ ಉರಿಯನ್ನು. ನರದ ನೋವಿಗೂ ಔಷಧಗಳಿವೆ. ನೋವು ಇಳಿದು ನಾಲ್ಕು ರಾತ್ರಿ ನಿದ್ರೆ ಬಂದ ಮೇಲೆ ಆ ಮಾತೇ ನಿಂತುಹೋಗುವುದುಂಟು.

ದೃಷ್ಟಿ ಬಹಳವಾಗಿ ಕುಂದಿದವರಿಗೆ ಸ್ವಾಧ್ಯಾಯ ತಪ್ಪಿತೆಂಬ ದುಃಖ ದೊಡ್ಡದು. ಸ್ವಾಧ್ಯಾಯದ ಐದು ಬಗೆಗಳಲ್ಲಿ ಕಣ್ಣಿನ ಅಗತ್ಯ ಮುಖ್ಯವಾಗಿ ವಾಚನಕ್ಕೆ. ಪೃಚ್ಛನೆಗೆ ನಾಲಗೆ ಸಾಕು, ಅನುಪ್ರೇಕ್ಷೆಗೆ ಮನಸ್ಸು ಸಾಕು, ಆಮ್ನಾಯಕ್ಕೆ ಬಾಯಿಪಾಠ ಸಾಕು; ಧರ್ಮೋಪದೇಶವನ್ನು ಮೊಮ್ಮಕ್ಕಳಿಗೆ ಕಥೆಯ ರೂಪದಲ್ಲಿ ಮಾಡಬಹುದು. ಹಗಲಿನ ಊಟ ಮುಗಿದು ಹೊತ್ತು ಮುಳುಗುವ ಮುನ್ನಿನ ಬೆಳಕಿನಲ್ಲಿ ಮನೆಯ ಒಬ್ಬರು ಓದುವುದು, ಇನ್ನೊಬ್ಬರು ಹಿರಿಯರ ಪಾದವನ್ನು ನೋಡುವುದು ಒಂದೇ ಹೊತ್ತಿನಲ್ಲಿ ನಡೆಯಬಲ್ಲ ಕೆಲಸಗಳು. ಬೆರಳ ತುದಿಯೂ ಮರಗಟ್ಟಿ ಜಪಮಾಲೆಯ ಸಣ್ಣ ಮಣಿ ಜಾರುವವರು ದಪ್ಪ ಮಣಿಗಳ ಮಾಲೆಯನ್ನು ಕಟ್ಟಿಸಿಕೊಳ್ಳಬಹುದು. ಮಣಿ ತಿಳಿಯುವುದೇ ಇಲ್ಲವಾದಲ್ಲಿ ಪಕ್ಕದಲ್ಲಿ ಕುಳಿತ ಮಗು ಎಣಿಸುತ್ತಾ ಹೋದರೆ, ನೂರೆಂಟು ಮುಗಿಯುವ ಹೊತ್ತಿಗೆ ಅದಕ್ಕೂ ಣಮೋಕಾರ ಬಾಯಿಗೆ ಬಂದಿರುತ್ತದೆ.